ಒಂಬತ್ತು ಸಾಲಿನ ಸರ್ವಿಸು

ಪೂರ್ವ ತಾಂಬರಂನ ಒಂದು ಶಾಲೆಯಲ್ಲಿ ಏಳನೇ ಕ್ಲಾಸಿನ ಮಕ್ಕಳಿಗೆ ತಾತನ ಬಗ್ಗೆಯೋ ಅಜ್ಜಿಯ ಬಗ್ಗೆಯೋ ಹತ್ತು ಸಾಲು ಬರೆದು ತರಲು ಹೇಳಿದ್ದರಂತೆ. ನಮ್ಮ ಚಿಕ್ಕಪ್ಪನ ಮೊಮ್ಮಗಳು ನೇರವಾಗಿ ತಾತನ ಕೈಗೇ ಪೆನ್ನು ಕೊಟ್ಟಳು. ವಾಯುಪಡೆಯಲ್ಲಿ ಮೂವತ್ತೊಂಬತ್ತು ವರ್ಷ ಕಳೆದ ಅವರು ಹಳೇ ಕ್ಯಾಲೆಂಡರಿನ ಹಾಳೆ ಹರಿದು, ಅದರ ಬೆನ್ನಿಗೆ ಕನ್ನಡದಲ್ಲಿ ಒಂಬತ್ತು ಸಾಲು ಬರೆದು ಎದ್ದುಬಿಟ್ಟರು. ಹುಡುಗಿಗೆ ತಮಿಳು, ಇಂಗ್ಲಿಷ್ ಓದಲು ಬರುತ್ತದೆ. ಕನ್ನಡ ಬಾಯಿಮಾತಿಗಷ್ಟೇ. ಹಾಳೆಯ ಫೋಟೊ ನನಗೆ ಕಳಿಸಿ, "ದೊಡ್ಡಪ್ಪಾ, ತಾತ ಏನ್ ಬರೆದವ್ರೆ? ಒಸಿ ಬಿಡಿಸಿ ಹೇಳಿ" ಅಂದಳು.

ಗಮಕದಲ್ಲಿ ಒಬ್ಬರು ಓದುತ್ತಾರೆ, ಇನ್ನೊಬ್ಬರು ಅರ್ಥ ಬಿಡಿಸುತ್ತಾರೆ. ವಾಚನ ಚಿಕ್ಕಪ್ಪನದು, ವ್ಯಾಖ್ಯಾನ ನನ್ನದು. ಮೊದಲು ಮೂಲ:

ನಾನು ಹುಟ್ಟಿದ್ದು ತಾಳವಾಡಿ ಕಡೆ.
ಹದಿನೆಂಟಕ್ಕೆ ಏರ್‌ಫೋರ್ಸ್ ಸೇರಿದೆ.
ಎಂಜಿನ್ ಫಿಟ್ಟರ್ ಆದೆ.
ನಾಲ್ಕು ಊರು ತಿರುಗಿದೆ, ಬೀದರ್ ಹಿಡಿಸಿತು.
ಸಹಿ ಹಾಕುವ ಕೆಲಸ.
ಆಮೇಲೆ ಹುಡುಗರನ್ನು ನೋಡಿಕೊಂಡೆ.
ಕೊನೆಗೆ ತಾಂಬರಂನಲ್ಲಿ ಹುಡುಗರನ್ನು ಆರಿಸಿದೆ.
ಒಂದು ವಿಮಾನ ಬರಲಿಲ್ಲ.
2017ರಲ್ಲಿ ಬಿಟ್ಟೆ. ಪೆನ್ಷನ್ ಬರುತ್ತದೆ.

"ನಾನು ಹುಟ್ಟಿದ್ದು ತಾಳವಾಡಿ ಕಡೆ."

'ಕಡೆ' ಅನ್ನುವ ಪದವನ್ನು ಗಮನಿಸಬೇಕು. ಊರಿನ ಹೆಸರು ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ, ಅದಕ್ಕೆ 'ಕಡೆ'. ತಾಳವಾಡಿ ತಮಿಳುನಾಡಿನಲ್ಲಿದೆ, ಮಾತು ಕನ್ನಡ. ಚಾಮರಾಜನಗರ ಹತ್ತಿರ, ಸತ್ಯಮಂಗಲಕ್ಕೆ ಹೋಗಬೇಕಾದರೆ ದಿಂಬಂ ಘಾಟಿಯ ಇಪ್ಪತ್ತೇಳು ತಿರುವು ಇಳಿಯಬೇಕು. ಚಿಕ್ಕಪ್ಪ ಹುಟ್ಟಿದಾಗ ಅದು ಕೊಯಮತ್ತೂರು ಜಿಲ್ಲೆ. ಅವರು ಸೇರಿದ ಮರುವರ್ಷ, 1979ರಲ್ಲಿ, ಪೆರಿಯಾರ್ ಜಿಲ್ಲೆ ಆಯಿತು. ಆಮೇಲೆ ಈರೋಡ್ ಜಿಲ್ಲೆ. ಊರು ಇದ್ದಲ್ಲೇ ಇತ್ತು, ಕಾಗದದಲ್ಲಿ ಮೂರು ಜಿಲ್ಲೆ ದಾಟಿತು. ಪ್ರತಿ ಸಲ ರಜೆ ಅರ್ಜಿಯಲ್ಲಿ ಮನೆ ವಿಳಾಸ ಬರೆಯುವಾಗ ಗುಮಾಸ್ತರಿಗೆ ಈ ಪುರಾಣ ಹೇಳಬೇಕಾಗುತ್ತಿತ್ತಂತೆ.

ಬ್ಯಾರಕ್ಕಿನಲ್ಲಿ ಯಾರಾದರೂ ಊರು ಕೇಳಿದರೆ ಅವರ ಉತ್ತರ ಒಂದೇ: "ರಾಜಕುಮಾರ್ ಊರ ಪಕ್ಕ." ಗಾಜನೂರು ಆ ಸೀಮೆಯದೇ. ಕನ್ನಡದ ಹುಡುಗರು ಎದ್ದು ನಿಂತು ಕೈ ಕುಲುಕುತ್ತಿದ್ದರು. 2000ದ ಜುಲೈ 30ರ ರಾತ್ರಿ ಅದೇ ಗಾಜನೂರಿನಿಂದ ರಾಜಕುಮಾರ್ ಅವರನ್ನು ವೀರಪ್ಪನ್ ಎತ್ತಿಕೊಂಡು ಹೋದ ಮೇಲೆ ಮಾತ್ರ, "ಓ, ವೀರಪ್ಪನ್ ಕಾಡಾ?" ಅನ್ನುವುದು ಶುರುವಾಯಿತು. ಅದು ಅವರಿಗೆ ಇವತ್ತಿಗೂ ಸಹಿಸದು.

"ಹದಿನೆಂಟಕ್ಕೆ ಏರ್‌ಫೋರ್ಸ್ ಸೇರಿದೆ."

1978. ಬಸ್ಸಿನಲ್ಲಿ ಘಾಟಿ ಇಳಿದು ಕೊಯಮತ್ತೂರು, ಅಲ್ಲಿಂದ ರಾತ್ರಿ ರೈಲಿನಲ್ಲಿ ಮದ್ರಾಸ್ ಸೆಂಟ್ರಲ್. ಎದುರಿನ ಪಾರ್ಕ್ ಸ್ಟೇಷನ್ನಿನಿಂದ ತಾಂಬರಂಗೆ ಎಲೆಕ್ಟ್ರಿಕ್ ಟ್ರೇನು. ಆ ಲೈನು 1931ರದು, ಆಗ ಇನ್ನೂ ಮೀಟರ್ ಗೇಜು. ಹಗ್ಗ ಕಟ್ಟಿದ ಟ್ರಂಕು, ಅದರೊಳಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಒಂದು ಜೊತೆ ಬಟ್ಟೆ, ಅಜ್ಜಿ ಕಟ್ಟಿಕೊಟ್ಟ ರಾಗಿ ಹುರಿಹಿಟ್ಟು. ಹುರಿಹಿಟ್ಟು ಮುಗಿಯುವ ಮೊದಲೇ ಸೆಲೆಕ್ಷನ್ ಮುಗಿದಿತ್ತು ಅಂತ ಜಂಬ ಪಡುತ್ತಾರೆ.

ಸೇರಿದ ಮೇಲೆ ತರಬೇತಿಗೆ ಬೆಳಗಾವಿಯ ಸಾಂಬ್ರಾ. ಡ್ರಿಲ್ಲು, ಸೆಲ್ಯೂಟು, ಬೂಟು ಪಾಲಿಶು. ಅಲ್ಲಿ ಅವರಿಗೆ ಆದ ದೊಡ್ಡ ಆಶ್ಚರ್ಯ ಸೈನ್ಯದ್ದಲ್ಲ, ಕನ್ನಡದ್ದು. ಗೇಟಿನಾಚೆ ಚಹಾದಂಗಡಿಯವನು "ಏನ್ ತಗೋತೀರ್‍ರಿ" ಅಂದಾಗ, ಇದು ಕನ್ನಡವೇ ಅಂತ ತಿಳಿಯಲು ಎರಡನೇ ಸಲ ಕೇಳಬೇಕಾಯಿತಂತೆ.

"ಎಂಜಿನ್ ಫಿಟ್ಟರ್ ಆದೆ."

ಪದಾರ್ಥ ಮೊದಲು. ವಾಯುಪಡೆ ಅಂದ ಕೂಡಲೇ ಎಲ್ಲರ ಕಣ್ಣಿಗೆ ಪೈಲಟ್ ಬರುತ್ತಾನೆ. ಅವನನ್ನು ಮೇಲೆ ಕಳಿಸುವ ಕೆಲಸ ನೆಲದ ಮೇಲಿನವರದು, ಅವರೇ ಏರ್‌ಮನ್‌ಗಳು. 1932ರ ಅಕ್ಟೋಬರ್ 8ರಂದು ವಾಯುಪಡೆ ಹುಟ್ಟಿ, 1933ರ ಏಪ್ರಿಲ್ 1ರಂದು ಕರಾಚಿಯ ಡ್ರಿಗ್ ರೋಡಿನಲ್ಲಿ ಮೊದಲ ಸ್ಕ್ವಾಡ್ರನ್ ನಿಂತಾಗ ಇದ್ದದ್ದು ನಾಲ್ಕೇ ವಾಪಿಟಿ ವಿಮಾನ. ನೆಲದ ಕೆಲಸದವರನ್ನು ಆಗ ಕರೆಯುತ್ತಿದ್ದದ್ದು ಹವಾಯಿ ಸಿಪಾಯಿ ಅಂತ. ಅವರಲ್ಲೊಬ್ಬ ಹರ್ಜಿಂದರ್ ಸಿಂಗ್, ಎಂಜಿನಿಯರಿಂಗ್ ಓದಿದ ಹುಡುಗ, ಸಿಪಾಯಿಯಾಗಿ ಸೇರಿ ಏರ್ ವೈಸ್ ಮಾರ್ಷಲ್ ಆಗಿ ನಿವೃತ್ತನಾದ. ಕಾನ್ಪುರದಲ್ಲಿ ಆವ್ರೋ ವಿಮಾನ ಕಟ್ಟಿಸಿದವನು ಅವನೇ. ಚಿಕ್ಕಪ್ಪನ ಮನೆಯಲ್ಲಿ ದೇವರ ಪಟಗಳ ಸಾಲಿನಲ್ಲಿ ಅವನ ಪಟ ಇಲ್ಲ, ಆದರೆ ಹೆಸರು ಬಂದಾಗ ದನಿ ಸ್ವಲ್ಪ ತಗ್ಗುತ್ತದೆ.

ಈಗ 'ಫಿಟ್ಟರ್'. ಕಳಚುವುದು, ನೋಡುವುದು, ಮತ್ತೆ ಕೂಡಿಸುವುದು. ಎಂಜಿನ್ನಿನಲ್ಲಿ ಸಾವಿರ ನಡುಕ. ನಟ್ಟು ಎಷ್ಟೇ ಬಿಗಿ ಮಾಡಿದರೂ ಆ ನಡುಕಕ್ಕೆ ಸಡಿಲವಾಗಬಹುದು. ಅದಕ್ಕೆ ಬೋಲ್ಟಿನ ತಲೆಯಲ್ಲಿ ತೂತು ಕೊರೆದು, ಅದರೊಳಗೆ ಸಣ್ಣ ಉಕ್ಕಿನ ತಂತಿ ತೂರಿಸಿ, ಹೆಣೆದು, ಪಕ್ಕದ ಬೋಲ್ಟಿಗೆ ಕಟ್ಟುತ್ತಾರೆ. ಇದು ಲಾಕಿಂಗ್ ವೈರು. ಕಟ್ಟುವ ದಿಕ್ಕು ಮುಖ್ಯ: ಒಂದು ಬೋಲ್ಟು ಬಿಚ್ಚಿಕೊಳ್ಳಲು ಹೊರಟರೆ ತಂತಿ ಇನ್ನೊಂದನ್ನು ಬಿಗಿಯುವ ಕಡೆಗೆ ಎಳೆಯಬೇಕು. ಉಲ್ಟಾ ಕಟ್ಟಿದರೆ ನೋಡಲು ಚೆನ್ನಾಗಿಯೇ ಕಾಣುತ್ತದೆ, ಕೆಲಸಕ್ಕೆ ಬಾರದು.

ಸೇಲೆಯೂರು ಕ್ಯಾಂಪ್ ರೋಡಿನ ಹತ್ತಿರದ ಅವರ ಮನೆಗೆ ಹೋದವರು ಗೇಟಿನ ಚಿಲಕ ನೋಡಬೇಕು. ಸಡಿಲವಾದ ಎರಡು ಬೋಲ್ಟಿಗೆ ತಂತಿ ಹೆಣೆದಿದ್ದಾರೆ, ಜಡೆಯ ಹಾಗೆ, ಒಂದೊಂದು ತಿರುವೂ ಸಮ. ತಂತಿಯ ತುದಿ ಯಾರ ಕೈಗೂ ಚುಚ್ಚದಂತೆ ಒಳಕ್ಕೆ ಮಡಚಿದೆ. ಚಿಕ್ಕಮ್ಮನ ಕುಕ್ಕರಿನ ಹಿಡಿಯಲ್ಲೂ ಅದೇ ಜಡೆ.

"ನಾಲ್ಕು ಊರು ತಿರುಗಿದೆ, ಬೀದರ್ ಹಿಡಿಸಿತು."

ಹಕೀಂಪೇಟೆ, ಜೋರ್ಹಾಟ್, ಬೀದರ್, ಸೂಲೂರು. ಮಕ್ಕಳ ಶಾಲೆ ನಾಲ್ಕು ಸಲ ಬದಲಾಯಿತು ಅನ್ನುವುದನ್ನು ಚಿಕ್ಕಮ್ಮ ಬರೆದಿದ್ದರೆ ಇದೇ ಸಾಲು ಬೇರೆ ಥರ ಇರುತ್ತಿತ್ತು. ಬೀದರ್ ಹಿಡಿಸಿದ್ದಕ್ಕೆ ಕಾರಣ ಎರಡು. ಯೂನಿಫಾರಂ ಹಾಕಿಕೊಂಡೇ ಕನ್ನಡದಲ್ಲಿ ಹಾಲು, ತರಕಾರಿ ಕೊಳ್ಳಬಹುದಾದ ಊರು. ಆ ಕನ್ನಡಕ್ಕೆ ಅರ್ಧ ದಖನಿ ಬೆರೆತಿದ್ದರೂ ಸರಿ. ಇನ್ನೊಂದು ಕಾರಣ ಕಿರಣ್. ನಮ್ಮ ಬೆಂಗಳೂರಿನ ಎಚ್‌ಎಎಲ್ ಕಟ್ಟಿ, 1964ರಲ್ಲಿ ಮೊದಲು ಹಾರಿಸಿದ ತರಬೇತಿ ಜೆಟ್ಟು. ಕಲಿಯುವವನೂ ಕಲಿಸುವವನೂ ಅಕ್ಕಪಕ್ಕ ಕೂರುತ್ತಾರೆ. ಅದರ ಎರಡನೇ ಮಾದರಿಯಲ್ಲಿದ್ದದ್ದು ಆರ್ಫಿಯಸ್ ಎಂಜಿನ್ನು, 1965ರ ಯುದ್ಧದಲ್ಲಿ ಹೆಸರು ಮಾಡಿದ ನ್ಯಾಟ್‌ನಲ್ಲಿ ಇದ್ದ ಮನೆತನದ್ದೇ. 1996ರಲ್ಲಿ ವಿಮಾನ ಕಸರತ್ತಿನ ಸೂರ್ಯಕಿರಣ್ ತಂಡ ಬೀದರಿನಲ್ಲಿ ಶುರುವಾದದ್ದೂ ಈ ವಿಮಾನದಲ್ಲಿಯೇ. ಚಿಕ್ಕಪ್ಪ ಆ ತಂಡದಲ್ಲಿ ಇರಲಿಲ್ಲ. ತಂಡದ ಅಭ್ಯಾಸದ ಹಾರಾಟವನ್ನು ಕ್ವಾರ್ಟರ್ಸಿನ ತಾರಸಿಯಿಂದ ನೋಡುತ್ತಿದ್ದರು, ಕಣ್ಣು ಮುಚ್ಚಿಕೊಂಡು. ಶಬ್ದ ಕೇಳಲಂತೆ.

"ಸಹಿ ಹಾಕುವ ಕೆಲಸ."

ಒಂಬತ್ತರಲ್ಲಿ ತೀರ ಗಿಡ್ಡ ಸಾಲುಗಳಲ್ಲಿ ಇದೂ ಒಂದು, ಇದಕ್ಕೇ ವ್ಯಾಖ್ಯಾನ ಹೆಚ್ಚು ಬೇಕು. ಗುಮಾಸ್ತಗಿರಿ ಅಂದುಕೊಂಡರೆ ತಪ್ಪಾಗುತ್ತದೆ.

ಪ್ರತಿ ವಿಮಾನಕ್ಕೂ ಒಂದು ದಫ್ತರ ಇರುತ್ತದೆ, ಫಾರಂ 700. ವಿಮಾನ ಹಾರುವ ಮೊದಲು ಅದನ್ನು ನೋಡಿದ ಪ್ರತಿಯೊಬ್ಬನೂ ತನ್ನ ಪಾಲಿನ ಕೆಲಸಕ್ಕೆ ಅದರಲ್ಲಿ ಸಹಿ ಹಾಕಬೇಕು. ರೆಕ್ಕೆ, ಮೈ ನೋಡುವವನದು ಒಂದು, ಎಂಜಿನ್ನಿನವನದು ಒಂದು, ವಿದ್ಯುತ್ತಿನವನದು ಒಂದು. ಎಲ್ಲರ ಸಹಿ ಬಿದ್ದ ಮೇಲೆ ಪೈಲಟ್ ಬಂದು ಓದಿ, ತಾನೂ ಸಹಿ ಹಾಕಿ, ವಿಮಾನವನ್ನು ಒಪ್ಪಿಸಿಕೊಳ್ಳುತ್ತಾನೆ. ಏನಾದರೂ ಆದರೆ ಮೊದಲು ಬೀಗ ಬೀಳುವುದು ಆ ದಫ್ತರಕ್ಕೆ.

ಮೇಲೆ ಹೇಳಿದ 'ಫಿಟ್ಟರ್' ಪದಕ್ಕೆ ಇಲ್ಲಿ ಇನ್ನೊಂದು ಅರ್ಥ ಹೊಳೆಯುತ್ತದೆ. ಚಿಕ್ಕಪ್ಪನ ಬಾಯಲ್ಲಿ ಲೋಕ ಎರಡೇ ಭಾಗ: ಫಿಟ್ಟು, ಅನ್‌ಫಿಟ್ಟು. ಹಲಸಿನ ಹಣ್ಣಿನಿಂದ ಹಿಡಿದು ಗಂಡುಗಳ ಜಾತಕದವರೆಗೆ. ನಡುವಿನದು ಇಲ್ಲವೇ ಅಂದರೆ, "ನಡುವಿನದಕ್ಕೆ ಸಹಿ ಹಾಕಕ್ಕಾಗುತ್ತಾ?" ಅನ್ನುತ್ತಾರೆ.

ಹತೋಡಿ, ಸ್ಪ್ಯಾನರುಗಳದ್ದೂ ಲೆಕ್ಕ. ಸಾಮಾನಿನ ಹಲಗೆಯ ಮೇಲೆ ಒಂದೊಂದು ಉಪಕರಣದ ನೆರಳಿನಾಕಾರ ಬಣ್ಣದಲ್ಲಿ ಬರೆದಿರುತ್ತದೆ. ಸಾಯಂಕಾಲ ಎಲ್ಲ ಅದರದರ ನೆರಳಿನ ಮೇಲೆ ಕೂತಿರಬೇಕು. ಒಂದು ನೆರಳು ಬರಿದಾಗಿದ್ದರೆ, ಆ ಸಾಮಾನು ಯಾವುದೋ ಎಂಜಿನ್ನಿನ ಹೊಟ್ಟೆಯಲ್ಲಿ ಇದೆ ಅಂತಲೇ ಲೆಕ್ಕ. ಸಿಗುವವರೆಗೆ ವಿಮಾನ ಅಲ್ಲಾಡುವ ಹಾಗಿಲ್ಲ. ಒಂದು ಸಲ ಒಂದು ಸಣ್ಣ ಸ್ಕ್ರೂಡ್ರೈವರ್ ಸಿಗದೆ ಮಧ್ಯಾಹ್ನದಿಂದ ರಾತ್ರಿ ಹನ್ನೊಂದರ ತನಕ ಟಾರ್ಚು ಹಿಡಿದು ಹುಡುಕಿದರು. ಹೊಸ ಹುಡುಗನೊಬ್ಬನ ಮೇಲಂಗಿಯ ಹರಿದ ಜೇಬಿನ ಅಸ್ತರಿನೊಳಗೆ ಅದು ಇಳಿದು ಕೂತಿತ್ತು. ಯಾವ ಸ್ಟೇಷನ್ ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ಹುಡುಗ ಅತ್ತನಂತೆ. ಅವನಿಗೆ ಏನು ಶಿಕ್ಷೆ ಕೊಟ್ಟಿರಿ ಅಂದೆ. "ಜೇಬು ಹೊಲಿಸಿದೆ."

"ಆಮೇಲೆ ಹುಡುಗರನ್ನು ನೋಡಿಕೊಂಡೆ."

ಕಾರ್ಪೊರಲ್, ಸಾರ್ಜೆಂಟ್, ಜೂನಿಯರ್ ವಾರಂಟ್ ಆಫೀಸರ್, ವಾರಂಟ್ ಆಫೀಸರ್, ಮಾಸ್ಟರ್ ವಾರಂಟ್ ಆಫೀಸರ್: ಏರ್‌ಮನ್ ಹತ್ತಬಹುದಾದ ಮೆಟ್ಟಿಲು ಇವು. ಇಂಥ ಬಡ್ತಿಗಳನ್ನೆಲ್ಲ ಬಿಟ್ಟು ಅವರು ಬಳಸಿದ ಕ್ರಿಯಾಪದ 'ನೋಡಿಕೊಳ್ಳುವುದು'. ನಮ್ಮ ಕಡೆ ದನ ನೋಡಿಕೊಳ್ಳುತ್ತೇವೆ, ಮುದುಕರನ್ನು ನೋಡಿಕೊಳ್ಳುತ್ತೇವೆ, ಮಳೆ ಬರುವಾಗ ಹರವಿದ ಹುರುಳಿ ನೋಡಿಕೊಳ್ಳುತ್ತೇವೆ. ಆಳಿದೆ, ನಡೆಸಿದೆ, ಕಮಾಂಡ್ ಮಾಡಿದೆ ಅನ್ನುವುದು ಇದರಲ್ಲಿ ಬರುವುದಿಲ್ಲ.

ಸೂಲೂರಿನಲ್ಲಿ ಎಎನ್-32 ಸಾಗಣೆ ವಿಮಾನ. 1984ರಿಂದ ಸೋವಿಯತ್ ಒಕ್ಕೂಟದಿಂದ ಬಂದದ್ದು. ಅದರ ಎರಡು ಎಂಜಿನ್ನುಗಳು ರೆಕ್ಕೆಯ ಮೇಲ್ಗಡೆ ಕೂತಿರುತ್ತವೆ, ಎತ್ತರದ ಸ್ಟ್ಯಾಂಡು ಹತ್ತಿಯೇ ಕೆಲಸ ಮಾಡಬೇಕು. ಅಷ್ಟು ಹೊತ್ತಿಗೆ ಚಿಕ್ಕಪ್ಪ ಕೆಳಗೆ ನಿಂತು ಮೇಲೆ ನೋಡುವ ವಯಸ್ಸಿಗೆ ಬಂದಿದ್ದರು. ಸಹಿ ಹಾಕುವವರ ಮೇಲೆ ಸಹಿ. ಬೆಳಿಗ್ಗೆ ಹುಡುಗರು ಸಾಲಾಗಿ ನಿಂತಾಗ ಅವರು ಮೊದಲು ನೋಡುತ್ತಿದ್ದದ್ದು ಕಣ್ಣು. ಮನೆಯಿಂದ ಕೆಟ್ಟ ಫೋನು ಬಂದವನು, ಮಗು ಹುಷಾರಿಲ್ಲದೆ ರಾತ್ರಿ ಎದ್ದಿದ್ದವನು, ಅಂಥವನಿಗೆ ಅವತ್ತು ಎಂಜಿನ್ ಇಲ್ಲ, ಸ್ಟೋರಿಗೆ ಕಳಿಸುತ್ತಿದ್ದರು. ಅವನ ಹೆಸರಿನ ಮುಂದೆ ಏನೂ ಬರೆಯುತ್ತಿರಲಿಲ್ಲ. ನನಗೆ ಕೇಳಿದರೆ ಮೂವತ್ತೊಂಬತ್ತು ವರ್ಷದಲ್ಲಿ ಅವರು ಮಾಡಿದ ಒಳ್ಳೆಯ ಕೆಲಸ ಇದು, ಯಾವ ದಫ್ತರದಲ್ಲೂ ಇಲ್ಲದ್ದು.

"ಕೊನೆಗೆ ತಾಂಬರಂನಲ್ಲಿ ಹುಡುಗರನ್ನು ಆರಿಸಿದೆ."

ಹಿಂದಿನ ಸಾಲಿನ 'ಹುಡುಗರು' ಬೇರೆ, ಈ ಸಾಲಿನವರು ಬೇರೆ. ಇವರು ಇನ್ನೂ ಗೇಟಿನ ಹೊರಗಿದ್ದಾರೆ.

ಏರ್‌ಮನ್‌ಗಳನ್ನು ಆರಿಸುವ ಕೇಂದ್ರ ಬೆಂಗಳೂರಿನಲ್ಲಿ ಕಬ್ಬನ್ ರಸ್ತೆಯಲ್ಲಿದೆ, ಅದು ಏಳನೆಯದು. ತಾಂಬರಂನದು ಎಂಟನೆಯದು, ತಮಿಳುನಾಡು, ಪುದುಚೇರಿಯ ಹುಡುಗರು ಇಲ್ಲಿಗೆ. ಮೂವತ್ತನಾಲ್ಕು ವರ್ಷದ ಹಿಂದೆ ಹುರಿಹಿಟ್ಟು ಹೊತ್ತು ಬಂದ ಅದೇ ತಾಂಬರಂಗೆ 2012ರಲ್ಲಿ ಸ್ಟಾಪ್‌ವಾಚ್ ಹಿಡಿದು ಬಂದರು.

ದಕ್ಷಿಣದ ಹುಡುಗರನ್ನು ಅಳೆದು ತೂಗಿ ಸೈನ್ಯಕ್ಕೆ ತೆಗೆದುಕೊಳ್ಳುವುದು ಮದ್ರಾಸಿಗೆ ಹಳೇ ಕಸುಬು. 1780ರ ಸೆಪ್ಟೆಂಬರ್ 30ರಂದು ಇಲ್ಲಿ ಎರಡು ಪಯೋನಿಯರ್ ಕಂಪನಿ ಕಟ್ಟಿದರು. ಅದರ ವಂಶವೇ ಇವತ್ತು ಬೆಂಗಳೂರಿನ ಹಲಸೂರು ಕೆರೆಯ ಬಳಿ ಇರುವ ಮದ್ರಾಸ್ ಸ್ಯಾಪರ್ಸ್. ನೂರು ವರ್ಷದ ಮೇಲೆ, 1881ರಿಂದ 1885ರ ತನಕ ಮದ್ರಾಸ್ ಸೈನ್ಯದ ದಂಡನಾಯಕನಾಗಿದ್ದ ರಾಬರ್ಟ್ಸ್ ಎಂಬ ಬ್ರಿಟಿಷ್ ಅಧಿಕಾರಿಗೆ ದಕ್ಷಿಣದವರು ಯುದ್ಧಕ್ಕೆ ಲಾಯಕ್ಕಿಲ್ಲ ಅನ್ನಿಸಿತು. ಮುಂದೆ ಅವನೇ ಇಡೀ ಇಂಡಿಯಾದ ದಂಡನಾಯಕನಾದ. ಕೆಲವು ಜಾತಿ ಮಾತ್ರ ಕ್ಷಾತ್ರದವು ಅನ್ನುವ ಲೆಕ್ಕ ಗಟ್ಟಿಯಾಗಿ, ಮದ್ರಾಸಿನ ಪದಾತಿ ಪಡೆಗಳು ಒಂದೊಂದಾಗಿ ಕರಗಿದವು. ಒಂದು ಇಡೀ ಸೀಮೆಗೆ ಬಿದ್ದ 'ಅನ್‌ಫಿಟ್' ಸಹಿ ಅದು. 1944ರ ಫೆಬ್ರವರಿಯಲ್ಲಿ ಇಟಲಿಯಲ್ಲಿ ನೆಲಬಾಂಬಿನ ಮೇಲೆ ತನ್ನ ಮೈ ಚೆಲ್ಲಿ ಜೊತೆಯವರನ್ನು ಉಳಿಸಿ ಜಾರ್ಜ್ ಕ್ರಾಸ್ ಪಡೆದ ಸುಬೇದಾರ್ ಸುಬ್ರಮಣಿಯನ್ ಕಾಂಚೀಪುರದ ಕಡೆಯ ಸ್ಯಾಪರ್. ರಾಬರ್ಟ್ಸ್ ಅಷ್ಟು ಹೊತ್ತಿಗೆ ಸತ್ತು ಮೂವತ್ತು ವರ್ಷ ಆಗುತ್ತ ಬಂದಿತ್ತು.

ರ‍್ಯಾಲಿಯ ದಿನ ಬೆಳಗಿನ ಜಾವಕ್ಕೇ ಗೇಟಿನ ಹೊರಗೆ ಸಾಲು. ರಾತ್ರಿ ಫುಟ್‌ಪಾತಿನಲ್ಲಿ ಬ್ಯಾಗು ತಲೆದಿಂಬು ಮಾಡಿ ಮಲಗಿದ ಹುಡುಗರು. ಅಂಕಪಟ್ಟಿ ನೋಡುವುದು, ಎತ್ತರ ಅಳೆಯುವುದು, 1.6 ಕಿ.ಮೀ. ಓಟ, ದಂಡ, ಬೈಠಕ್. ಆಮೇಲೆ ಇಂಗ್ಲಿಷ್, ಗಣಿತ, ಭೌತಶಾಸ್ತ್ರದ ಪರೀಕ್ಷೆ. ಸೈನ್ಯದ ಬದುಕಿಗೆ ಹೊಂದಿಕೊಳ್ಳಬಲ್ಲನೇ ಅಂತ ಇನ್ನೊಂದು. ಕೊನೆಗೆ ಡಾಕ್ಟರು. ಮೊಣಕಾಲು ತಾಗುತ್ತದೆ, ಪಾದ ಚಪ್ಪಟೆ, ಬಣ್ಣ ಕಾಣುವುದಿಲ್ಲ ಅಂದರೆ ಅನ್‌ಫಿಟ್. ಕಿವಿಯಲ್ಲಿ ಗುಗ್ಗೆ ಇದ್ದರೆ 'ಟೆಂಪರರಿ ಅನ್‌ಫಿಟ್', ತೆಗೆಸಿಕೊಂಡು ಬಾ ಅನ್ನುತ್ತಾರೆ.

ಚಿಕ್ಕಪ್ಪ ಮೈಕು ಹಿಡಿದು ಪ್ರತಿ ಸಲ ಹೇಳುತ್ತಿದ್ದ ಒಂದು ಮಾತು ದಲ್ಲಾಳಿಗಳ ಬಗ್ಗೆ. ದಲ್ಲಾಳಿ ಐದು ಮನೆಯಿಂದ ದುಡ್ಡು ಇಸಿದುಕೊಳ್ಳುತ್ತಾನೆ, ಏನೂ ಮಾಡುವುದಿಲ್ಲ, ಸುಮ್ಮನೆ ಕೂರುತ್ತಾನೆ. ಐವರಲ್ಲಿ ಒಬ್ಬ ತನ್ನ ಕಾಲಿನ ಬಲದಿಂದಲೇ ಪಾಸಾಗುತ್ತಾನೆ. ಅವನ ದುಡ್ಡು ಇಟ್ಟುಕೊಂಡು ಉಳಿದ ನಾಲ್ವರಿಗೆ ಪ್ರಾಮಾಣಿಕನ ಹಾಗೆ ವಾಪಸ್ ಕೊಡುತ್ತಾನೆ. ಮುಂದಿನ ವರ್ಷ ಅದೇ ನಾಲ್ವರ ಅಪ್ಪಂದಿರು ಅವನಿಗೇ ಸಾಕ್ಷಿ. ಇಲ್ಲದ ವಿಮಾನ ಹಾರಿಸುವುದು ಅಂದರೆ ಇದೇ ಅನ್ನುತ್ತಿದ್ದರು.

ಒಬ್ಬ ಹುಡುಗ ಓಟದಲ್ಲಿ ಎರಡು ಸೆಕೆಂಡಿಗೆ ಹೊರಗಾದ. ನೆಲಕ್ಕೆ ಕುಕ್ಕರಿಸಿ, "ಥೂ ನನ್ ಹಣೇಬರವೇ" ಅಂದ. ಕನ್ನಡ. ಹೊಸೂರಿನ ಕಡೆಯವನು. ಚಿಕ್ಕಪ್ಪ ಬಗ್ಗಿ, "ಹಣೆಬರಹ ಅಲ್ಲ ಕಣಪ್ಪಾ, ಮೊದಲನೇ ಸುತ್ತು ಜೋರಾಗಿ ಓಡಿಬಿಟ್ಟೆ" ಅಂದರಂತೆ. ಹುಡುಗ ತಲೆಯೆತ್ತಿ, "ಸಾರ್, ನೀವು ನಮ್ಮೋರಾ? ಹಂಗಾದ್ರೆ..." ಅಂತ ಕೈ ಮುಗಿದ. ಎರಡು ಸೆಕೆಂಡು. ವಾಚು ಅವರ ಕೈಯಲ್ಲಿತ್ತು, ಪಕ್ಕದಲ್ಲಿ ಯಾರೂ ಇರಲಿಲ್ಲ. ಕಾಗದದಲ್ಲಿ ಇದ್ದ ಸಮಯವನ್ನೇ ಬರೆದರು. ಅವನಿಗೆ ಹೇಗೆ ಓಡಬೇಕು ಅಂತ ಹತ್ತು ನಿಮಿಷ ಹೇಳಿಕೊಟ್ಟು ಕಳಿಸಿದರು. ಮತ್ತೆ ಬಂದನೇ ಅಂದರೆ, ಗೊತ್ತಿಲ್ಲ. ಬಂದಿದ್ದರೆ ಗುರುತು ಸಿಗುತ್ತಿತ್ತು.

"ಒಂದು ವಿಮಾನ ಬರಲಿಲ್ಲ."

2016ರ ಜುಲೈ 22, ಶುಕ್ರವಾರ. ತಾಂಬರಂನಿಂದ ಬೆಳಿಗ್ಗೆ ಎಂಟೂವರೆಗೆ ಪೋರ್ಟ್ ಬ್ಲೇರಿಗೆ ಹೊರಟ ಎಎನ್-32, ಇಪ್ಪತ್ತೊಂಬತ್ತು ಜನ. ಬಂಗಾಳ ಕೊಲ್ಲಿಯ ಮೇಲೆ ರೇಡಾರಿನಿಂದ ಮಾಯವಾಯಿತು. ಸೂಲೂರಿನ ಸ್ಕ್ವಾಡ್ರನ್ನಿನ ವಿಮಾನ.

ಚಿಕ್ಕಪ್ಪನಿಗೆ ಅದರ ಜೊತೆ ಆವತ್ತು ಯಾವ ಸಂಬಂಧವೂ ಇರಲಿಲ್ಲ. ಸೂಲೂರು ಬಿಟ್ಟು ನಾಲ್ಕು ವರ್ಷವಾಗಿತ್ತು. ಆದರೂ ರಾತ್ರಿ ಮನೆಗೆ ಬಂದು ತಮ್ಮ ಹಳೇ ಡೈರಿಗಳನ್ನೆಲ್ಲ ಅಟ್ಟದಿಂದ ಇಳಿಸಿ ಕೂತರು ಅಂತ ಚಿಕ್ಕಮ್ಮ ಹೇಳುತ್ತಾರೆ. ಏನು ಹುಡುಕುತ್ತಿದ್ದರು ಅಂತ ಹೇಳಲಿಲ್ಲ. ನನ್ನ ಊಹೆ, ಆ ವಿಮಾನದ ನಂಬರಿಗೆ ತಾವು ಯಾವಾಗಲಾದರೂ ಸಹಿ ಹಾಕಿದ್ದರೇ ಅಂತ.

ವಾರಗಟ್ಟಲೆ ಹಡಗು, ವಿಮಾನ, ಜಲಾಂತರ್ಗಾಮಿ ಹುಡುಕಿದವು. ಸಿಗಲಿಲ್ಲ. ಏಳೂವರೆ ವರ್ಷದ ಮೇಲೆ, 2024ರ ಜನವರಿಯಲ್ಲಿ, ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಇಳಿಸಿದ ಮನುಷ್ಯರಿಲ್ಲದ ಯಂತ್ರವೊಂದು ಚೆನ್ನೈ ಕರಾವಳಿಯಿಂದ ಸುಮಾರು 140 ನಾಟಿಕಲ್ ಮೈಲಿ ದೂರದಲ್ಲಿ, 3,400 ಮೀಟರ್ ಆಳದಲ್ಲಿ ಅವಶೇಷದ ಚಿತ್ರ ತೆಗೆಯಿತು. ಆ ಸಂಸ್ಥೆ ಇರುವುದು ಪಳ್ಳಿಕರಣೈಯಲ್ಲಿ, ಚಿಕ್ಕಪ್ಪನ ಮನೆಯಿಂದ ವೇಲಚ್ಚೇರಿಗೆ ಹೋಗುವ ದಾರಿಯಲ್ಲೇ. ಬಸ್ಸಿನಲ್ಲಿ ಅದರ ಮುಂದೆ ಹೋಗುವಾಗ ಅವರು ಮಾತು ನಿಲ್ಲಿಸುವುದನ್ನು ನಾನು ಒಂದು ಸಲ ನೋಡಿದ್ದೇನೆ. ಮಗು, ಈ ಸಾಲಿಗೆ ಸ್ಕೂಲಿನಲ್ಲಿ ಇಷ್ಟೇ ಓದು. ಹೆಚ್ಚು ಕೇಳಿದರೆ ತಾತನಿಗೆ ಗೊತ್ತು ಅನ್ನು.

"2017ರಲ್ಲಿ ಬಿಟ್ಟೆ. ಪೆನ್ಷನ್ ಬರುತ್ತದೆ."

ಏರ್‌ಮನ್‌ಗೆ ಐವತ್ತೇಳು ಕೊನೆ. ಅವರು ಸೇರುವಾಗ ಮೊದಲ ಕರಾರೇ ದೀರ್ಘಾವಧಿಯದು. 2022ರ ಜೂನ್‌ನಲ್ಲಿ ಬಂದ ಅಗ್ನಿಪಥದಲ್ಲಿ ಅದು ನಾಲ್ಕು ವರ್ಷ, ನೂರಕ್ಕೆ ಇಪ್ಪತ್ತೈದು ಮಂದಿಗೆ ಮಾತ್ರ ಮುಂದುವರಿಕೆ. ಇದರ ಬಗ್ಗೆ ಅವರ ಅಭಿಪ್ರಾಯ ಕೇಳಿದೆ. "ಲಾಕಿಂಗ್ ವೈರ್ ಸರಿಯಾಗಿ ಕಟ್ಟಕ್ಕೆ ನನಗೆ ಎರಡು ವರ್ಷ ಹಿಡೀತು" ಅಂದರು. ಪರವೋ ವಿರೋಧವೋ ನೀವೇ ತಿಳಿದುಕೊಳ್ಳಿ.

'ಪೆನ್ಷನ್ ಬರುತ್ತದೆ' ಅನ್ನುವುದಕ್ಕೆ ಒಂದು ಅಡಿಟಿಪ್ಪಣಿ ಬೇಕು. ತಾನಾಗಿ ಬರುವುದಿಲ್ಲ. ವರ್ಷಕ್ಕೊಮ್ಮೆ, ಬದುಕಿದ್ದೇನೆ ಅಂತ ಜೀವನ ಪ್ರಮಾಣ ಕೊಡಬೇಕು. ಹೋದ ವರ್ಷ ನಾನೂ ಜೊತೆಗೆ ಹೋಗಿದ್ದೆ. ಕೌಂಟರಿನ ಹುಡುಗಿ ಬೆರಳಿನ ಯಂತ್ರ ಮುಂದಿಟ್ಟಳು. ಚಿಕ್ಕಪ್ಪ ಹೆಬ್ಬೆರಳು ಒತ್ತಿದರು. ಕೆಂಪು ದೀಪ. ತೋರುಬೆರಳು, ಮತ್ತೆ ಕೆಂಪು. ಹತ್ತು ಬೆರಳೂ ಆಯಿತು. ತಂತಿ, ಅರ, ಸೀಮೆಎಣ್ಣೆಯಲ್ಲಿ ಸವೆದು ಗೆರೆಗಳೇ ಇಲ್ಲ. ತುದಿ ನುಣ್ಣಗೆ ಗೋಲಿಯ ಹಾಗಿದೆ.

"ತಾತಾ, ನೆಕ್ಸ್ಟ್ ವೀಕ್ ವಾಂಗೊ, ಮುಗಂ ಪಾರ್ತು ಪಣ್ಣಲಾಂ" ಅಂದಳು ಆ ಹುಡುಗಿ. ಮುಂದಿನ ವಾರ ಬನ್ನಿ, ಮುಖ ನೋಡಿ ಮಾಡೋಣ.

ಚಿಕ್ಕಪ್ಪ ಕರ್ಚೀಫಿನಲ್ಲಿ ಬೆರಳು ಒರೆಸಿಕೊಂಡು ನನ್ನ ಕಡೆ ತಿರುಗಿದರು. "ಟೆಂಪರರಿ ಅನ್‌ಫಿಟ್" ಅಂದು, ಚಪ್ಪಲಿ ಹುಡುಕತೊಡಗಿದರು.